ಕಂಡದ್ದಕ್ಕೇ ಮದ್ದು

ಕ್ಯಾನ್ಸರಿನ ಹೊಸ ಚಿಕಿತ್ಸೆಗಳ ಬಗ್ಗೆ ಈಚೆಗೆ ಬರುವ ಬರಹಗಳಲ್ಲಿ ಎರಡು ಮಾತು ತಪ್ಪದೆ ಇರುತ್ತವೆ. ರೋಗವನ್ನು ಮೊದಲು ಸ್ಕ್ಯಾನಿನಲ್ಲಿ ಕಂಡು, ಕಂಡದ್ದಕ್ಕೇ ವಿಕಿರಣಶೀಲ ಮದ್ದು ಕೊಡುವ ‘ಥೆರನಾಸ್ಟಿಕ್ಸ್’ ಈ ಹತ್ತು ವರ್ಷಗಳಲ್ಲಿ ಹುಟ್ಟಿದ ಕ್ರಾಂತಿ ಎಂಬುದು ಒಂದು. ಅದರ ಔಷಧ ಕ್ಷಿಪಣಿಯ ಹಾಗೆ ಗುರಿ ಹುಡುಕಿಕೊಂಡು ಹೋಗಿ ಗಡ್ಡೆಗೆ ಬಡಿಯುತ್ತದೆ ಎಂಬುದು ಇನ್ನೊಂದು. ಮೂವತ್ತು ವರ್ಷಗಳಿಂದ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲೇ ಬದುಕಿರುವ ನನಗೆ ಎರಡೂ ಒಪ್ಪಿಗೆಯಿಲ್ಲ. ಔಷಧ ಏನನ್ನೂ ಹುಡುಕುವುದಿಲ್ಲ. ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಹಿಡಿದುಕೊಳ್ಳುವ ಕೋಶ ಸಿಕ್ಕಲ್ಲಿ ನಿಲ್ಲುತ್ತದೆ. ಉಳಿದದ್ದರಲ್ಲಿ ಬಹುಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ಅದು ಎಲ್ಲಿ ನಿಂತಿತು, ಎಷ್ಟು ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಹೊರಗಿನಿಂದ ಅಳೆಯಬಲ್ಲೆವು. ನಮ್ಮ ಶಾಸ್ತ್ರದ ಬಲವೆಲ್ಲ ಅಷ್ಟೇ. ಆ ಬಲಕ್ಕೆ ಎಂಬತ್ತು ವರ್ಷ ವಯಸ್ಸಾಗಿದೆ.

ಮೊದಲ ಘಟ್ಟವನ್ನು ಬೇಗ ಹೇಳಿಬಿಡಬಹುದು. ವಿಕಿರಣಶೀಲ ಪರಮಾಣುವನ್ನು ಗುರುತಾಗಿ ಇಟ್ಟುಕೊಂಡು ಒಂದು ವಸ್ತುವಿನ ಹಾದಿಯನ್ನು ಹಿಂಬಾಲಿಸುವ ಉಪಾಯವನ್ನು 1913ರ ಹೊತ್ತಿಗೆ ಹೆವೆಸಿ ಕಂಡುಕೊಂಡಿದ್ದರು. 1938ರಲ್ಲಿ ಬರ್ಕ್ಲಿಯಲ್ಲಿ ಸೀಬೋರ್ಗ್ ಮತ್ತು ಲಿವಿಂಗುಡ್ ಅಯೋಡಿನ್-131ನ್ನು ಪಡೆದರು. 1941ರಲ್ಲಿ ಬೋಸ್ಟನ್ನಿನ ಸಾಲ್ ಹರ್ಟ್ಜ್, ಮಿತಿಮೀರಿ ಕೆಲಸ ಮಾಡುವ ಥೈರಾಯ್ಡ್ ಗ್ರಂಥಿಗೆ ವಿಕಿರಣಶೀಲ ಅಯೋಡಿನ್ ಕುಡಿಸಿದರು. ಆಮೇಲೆ ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ಸೈಡ್ಲಿನ್ ಅವರ ಬಳಿಗೆ ಒಬ್ಬ ರೋಗಿ ಬಂದ. ವರ್ಷಗಳ ಹಿಂದೆಯೇ ಥೈರಾಯ್ಡ್ ತೆಗೆಸಿಕೊಂಡಿದ್ದವನಿಗೆ ಥೈರಾಯ್ಡ್ ಹೆಚ್ಚಾದ ಲಕ್ಷಣಗಳು! ಅಯೋಡಿನ್ ಕೊಟ್ಟು ಮಾಪಕ ಹಿಡಿದು ನೋಡಿದರೆ, ಬೇರೆಡೆಗೆ ಹರಡಿದ್ದ ಕ್ಯಾನ್ಸರೇ ಅದನ್ನು ಹೀರುತ್ತಿತ್ತು. ಅದೇ ಅಯೋಡಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು, ರೋಗ ಇಳಿಯಿತು. 1946ರಲ್ಲಿ ಪ್ರಕಟವಾದ ಆ ಲೇಖನಕ್ಕೆ ಮೂವರು ಲೇಖಕರು. ಅವರಲ್ಲಿ ಮರಿನೆಲ್ಲಿ ಎಂಬವರು ವೈದ್ಯರಲ್ಲ, ಭೌತವಿಜ್ಞಾನಿ. ಈ ಸಂಗತಿಯನ್ನು ಓದುಗರು ನೆನಪಿಟ್ಟಿರಲಿ.

ಮುಂದಿನ ದಶಕಗಳು ಯಂತ್ರಗಳ ಕಾಲ. ಹ್ಯಾಲ್ ಆ್ಯಂಗರ್ ಗಾಮಾ ಕ್ಯಾಮೆರಾ ಕಟ್ಟಿದರು. ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಟೆಕ್ನೀಷಿಯಮ್ ಜನರೇಟರ್ ಹುಟ್ಟಿತು. ಹಸುವನ್ನು ಕರೆದಂತೆ ಅದರಿಂದ ದಿನವೂ ಐಸೋಟೋಪ್ ಇಳಿಸಿಕೊಳ್ಳಬಹುದು. ಅದಿಲ್ಲದಿದ್ದರೆ ಕ್ಯಾಮೆರಾ ಬರೀ ಪೆಟ್ಟಿಗೆ. 1976ರಲ್ಲಿ ಗ್ಲೂಕೋಸಿಗೆ ಫ್ಲೋರಿನ್-18 ಅಂಟಿಸಿದ ಎಫ್‌ಡಿಜಿ ಮೊದಲ ಸಲ ಮನುಷ್ಯನ ದೇಹ ಸೇರಿತು. 1998ರಲ್ಲಿ ಟೌನ್‌ಸೆಂಡ್ ಮತ್ತು ನಟ್ ಪೆಟ್ ಸ್ಕ್ಯಾನನ್ನೂ ಸಿಟಿ ಸ್ಕ್ಯಾನನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದರು. ಇಂದು ‘ಪೆಟ್ ಸ್ಕ್ಯಾನ್’ ಎಂದರೆ ಜನ ಎಫ್‌ಡಿಜಿಯನ್ನೇ ತಿಳಿಯುತ್ತಾರೆ. ಆದರೆ ಎಫ್‌ಡಿಜಿ ಕಾಣುವುದು ಕ್ಯಾನ್ಸರನ್ನಲ್ಲ, ಸಕ್ಕರೆಯ ಹಸಿವನ್ನು. ಕ್ಷಯ ಹಿಡಿದ ದುಗ್ಧಗ್ರಂಥಿಗೂ ಆ ಹಸಿವು ಇರುತ್ತದೆ. ನಮ್ಮ ದೇಶದಲ್ಲಿ ಸ್ಕ್ಯಾನ್ ಓದುವವರು ಇದನ್ನು ಒಂದು ದಿನವೂ ಮರೆಯುವಂತಿಲ್ಲ.

ವಿಕಿರಣಶೀಲ ಪರಮಾಣುವನ್ನು ಪ್ರತಿಕಾಯಗಳಿಗೆ ಅಂಟಿಸಿ ಕಳಿಸುವ ಪ್ರಯೋಗ ಎರಡು ಪಾಠ ಕಲಿಸಿತು. ಪ್ರೋಸ್ಟೇಟ್ ಕ್ಯಾನ್ಸರ್ ನೋಡಲು ಬಂದ ಪ್ರೋಸ್ಟಾಸಿಂಟ್ ಹಿಡಿಯುತ್ತಿದ್ದುದು ಪಿಎಸ್‌ಎಂಎ ಎಂಬ ಪ್ರೋಟೀನಿನ ಒಳತುದಿಯನ್ನು. ಕೋಶದ ಹೊದಿಕೆ ಒಡೆಯದ ಹೊರತು ಆ ತುದಿ ಕೈಗೆ ಸಿಗುವುದಿಲ್ಲ. ಗುರಿ ಸರಿಯಿತ್ತು, ಹಿಡಿದ ಕೊನೆ ತಪ್ಪಿತ್ತು. ಲಿಂಫೋಮಾಕ್ಕೆ ಬಂದ ಜೆವಾಲಿನ್, ಬೆಕ್ಸಾರ್ ಒಳ್ಳೆಯ ಔಷಧಗಳೇ. ಆದರೆ ಅವನ್ನು ಕೊಡಿಸಲು ಕ್ಯಾನ್ಸರ್ ವೈದ್ಯರು ರೋಗಿಯನ್ನು ಬೇರೆ ವಿಭಾಗದ ಕೈಗೆ ಒಪ್ಪಿಸಬೇಕಿತ್ತು. ಬಳಸುವವರು ಕಡಿಮೆಯಾದರು, 2014ರಲ್ಲಿ ಬೆಕ್ಸಾರ್ ಮಾರುಕಟ್ಟೆಯಿಂದಲೇ ಹೋಯಿತು. ಅದು ಸೋತದ್ದು ವಿಜ್ಞಾನದಲ್ಲಲ್ಲ, ವಿಭಾಗಗಳ ನಡುವಿನ ಗೋಡೆಯಲ್ಲಿ.

ನನ್ನ ತಲೆಮಾರಿನ ಕಣ್ಣು ತೆರೆಸಿದ್ದು ರಾಟರ್‌ಡ್ಯಾಮ್. ನ್ಯೂರೋಎಂಡೋಕ್ರೈನ್ ಗಡ್ಡೆಗಳ ಮೈಮೇಲೆ ಸೊಮ್ಯಾಟೋಸ್ಟ್ಯಾಟಿನ್ ಹಾರ್ಮೋನಿನ ಗ್ರಾಹಕಗಳು ಕಿಕ್ಕಿರಿದಿರುತ್ತವೆ ಎಂದು ಬರ್ನ್ ನಗರದ ರೂಬಿ ಒಂದೊಂದೇ ಅಂಗಾಂಶ ಪರೀಕ್ಷಿಸಿ ತೋರಿಸಿದ್ದರು. 1989ರಲ್ಲಿ ರಾಟರ್‌ಡ್ಯಾಮಿನ ಕ್ರೆನ್ನಿಂಗ್ ಮತ್ತು ಸಂಗಡಿಗರು ಆ ಹಾರ್ಮೋನಿನ ಚಿಕ್ಕ ಪ್ರತಿರೂಪಕ್ಕೆ ಅಯೋಡಿನ್-123 ಜೋಡಿಸಿ ಗಡ್ಡೆಗಳ ಚಿತ್ರ ತೆಗೆದರು. ಅಲ್ಲಿಂದ ಚಿಕಿತ್ಸೆಯವರೆಗಿನ ದಾರಿ ರಸಾಯನಜ್ಞರದು. ಪೆಪ್ಟೈಡಿಗೆ ‘ಡೋಟಾ’ ಎಂಬ ಪಂಜರ ಕಟ್ಟಿದರು. ಪಂಜರದಲ್ಲಿ ಗ್ಯಾಲಿಯಮ್-68 ಕೂತರೆ ಚಿತ್ರ, ಲುಟೇಷಿಯಮ್-177 ಕೂತರೆ ಮದ್ದು. ಲುಟೇಷಿಯಮ್ಮಿನ ಬೀಟಾ ಕಣ ಅಂಗಾಂಶದಲ್ಲಿ ಹೆಚ್ಚೆಂದರೆ 2 ಮಿಲಿಮೀಟರ್ ಚಿಲ್ಲರೆ ಸಾಗುತ್ತದೆ. ಜೊತೆಗೆ ಒಂದಿಷ್ಟು ಗಾಮಾ ಕಿರಣವೂ ಹೊರಡುವುದರಿಂದ ಮದ್ದು ಎಲ್ಲಿ ಕೂತಿದೆಯೆಂದು ಕ್ಯಾಮೆರಾ ಹೇಳುತ್ತದೆ. 229 ರೋಗಿಗಳ ನೆಟರ್-1 ಅಧ್ಯಯನ 2017ರಲ್ಲಿ ಪ್ರಕಟವಾಯಿತು: 20ನೇ ತಿಂಗಳಲ್ಲಿ ರೋಗ ಉಲ್ಬಣಿಸದೆ ಉಳಿದವರು ಈ ಚಿಕಿತ್ಸೆ ಪಡೆದವರಲ್ಲಿ ಶೇ. 65.2, ಹಾರ್ಮೋನ್ ಚುಚ್ಚುಮದ್ದು ಮಾತ್ರ ಪಡೆದವರಲ್ಲಿ ಶೇ. 10.8. ಅಮೆರಿಕ ಒಪ್ಪಿಗೆ ಕೊಟ್ಟದ್ದು 2018ರಲ್ಲಿ.

ಅಷ್ಟು ಹೊತ್ತಿಗೆ ಭಾರತದಲ್ಲಿ ಈ ಚಿಕಿತ್ಸೆ ಹೊಸದಾಗಿರಲಿಲ್ಲ. ವಿದೇಶಿ ಸಮೀಕ್ಷೆಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ನಾನು ದಾಟಲಾರೆ. 1963ರಲ್ಲೇ ಮುಂಬೈಯ ಪರೇಲಿನಲ್ಲಿ ರೇಡಿಯೇಷನ್ ಮೆಡಿಸಿನ್ ಸೆಂಟರ್ ಶುರುವಾಗಿತ್ತು. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಲುಟೇಷಿಯಮ್ ತಯಾರಾಗತೊಡಗಿತು. ಲುಟೇಷಿಯಮ್-176 ನ್ಯೂಟ್ರಾನುಗಳನ್ನು ನುಂಗುವುದರಲ್ಲಿ ಬಹಳ ಚುರುಕು. ಆದ್ದರಿಂದ ಲೋಕದ ಅತಿ ಪ್ರಬಲ ರಿಯಾಕ್ಟರುಗಳೇ ಬೇಕೆಂದಿಲ್ಲ. ಹೀಗೆ ಬಂದ ಲುಟೇಷಿಯಮ್ಮಿನಲ್ಲಿ ವಿಕಿರಣವಿಲ್ಲದ ಲುಟೇಷಿಯಮ್ಮೂ ಬೆರೆತಿರುತ್ತದೆ, ಅದೂ ಪಂಜರಗಳಲ್ಲಿ ಜಾಗ ಹಿಡಿಯುತ್ತದೆ. ಆ ಇಕ್ಕಟ್ಟಿನಲ್ಲೇ ರೋಗಿಗೆ ಕೊಡಬಹುದಾದ ಔಷಧವನ್ನು ಮಾಡಿ ತೋರಿಸಿದವರು ಮೀರಾ ವೆಂಕಟೇಶ್, ಎಂ.ಆರ್.ಎ. ಪಿಳ್ಳೈ ಅವರಂಥ ರಸಾಯನಜ್ಞರು ಮತ್ತು ಅವರ ಸಂಗಡಿಗರು. ವರ್ಷಗಟ್ಟಲೆ ಭೇದಿಯಿಂದ ಬಳಲಿ, ಕರುಳಿನ ದೋಷವೆಂದು ಊರೂರು ಅಲೆದು ಬಂದ ರೈತನೊಬ್ಬ ಈ ಚಿಕಿತ್ಸೆಯ ಎರಡನೆಯ ಸುತ್ತಿನ ಬಳಿಕ ‘ರಾತ್ರಿ ಪೂರ್ತಿ ನಿದ್ದೆ ಬಂತು ಸ್ವಾಮಿ’ ಎಂದಾಗ, ಆ ನಿದ್ದೆಯಲ್ಲಿ ಟ್ರಾಂಬೆಯ ಪಾಲೂ ಇತ್ತು.

ಪ್ರೋಸ್ಟೇಟ್ ಕ್ಯಾನ್ಸರಿನಲ್ಲಿ ಪಿಎಸ್‌ಎಂಎಯ ಹೊರತುದಿಯನ್ನು ಹಿಡಿಯುವ ಪುಟ್ಟ ಅಣುಗಳನ್ನು ರೂಪಿಸಿದ್ದು ಅಮೆರಿಕದ ಪೊಂಪರ್ ಮೊದಲಾದವರು ಮತ್ತು ಹೈಡೆಲ್‌ಬರ್ಗ್ ತಂಡ. ಅಂಥ ಅಣುವಿನ ಲುಟೇಷಿಯಮ್ ಮದ್ದನ್ನು ಪರೀಕ್ಷಿಸಿದ, 831 ಗಂಡಸರ ವಿಷನ್ ಅಧ್ಯಯನ 2021ರಲ್ಲಿ ಬಂತು. ಬದುಕುಳಿವಿನ ಮಧ್ಯಾಂಕ 11.3 ತಿಂಗಳಿಂದ 15.3 ತಿಂಗಳಿಗೆ ಏರಿತು. ಸ್ಕ್ಯಾನಿನಲ್ಲಿ ಗುರಿ ಕಂಡವರನ್ನು ಮಾತ್ರ ಆ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು ಎಂಬುದನ್ನು ಸುದ್ದಿ ಬರೆದವರು ಬಿಟ್ಟುಬಿಟ್ಟರು. ಅನೇಕ ರೋಗಿಗಳಿಗೆ ಬಾಯಿ ಒಣಗಿದ್ದನ್ನೂ ಬಿಟ್ಟರು. ಜೊಲ್ಲುಗ್ರಂಥಿಗಳೂ ಈ ಅಣುವನ್ನು ಹಿಡಿದುಕೊಳ್ಳುತ್ತವೆ. ಕ್ಷಿಪಣಿಯ ಹೋಲಿಕೆ ರೋಗಿಯ ಒಣ ನಾಲಿಗೆಯ ಮುಂದೆ ನಿಲ್ಲುವುದಿಲ್ಲ. ಇನ್ನೂ ಬಲವಾದ ಆಲ್ಫಾ ಕಣಗಳ ಆಕ್ಟೀನಿಯಮ್-225ರಲ್ಲಿ ಈ ತೊಂದರೆ ಮತ್ತಷ್ಟು ಹೆಚ್ಚು.

ಈಗ ಉಳಿದ ಕೊರತೆಗಳ ಮಾತು. ಹೊರಗಿನಿಂದ ವಿಕಿರಣ ಕೊಡುವ ವಿಭಾಗದಲ್ಲಿ ಪ್ರತಿ ರೋಗಿಗೂ ಬೇರೆ ಲೆಕ್ಕ ಹಾಕದೆ ಯಂತ್ರ ಚಾಲೂ ಮಾಡುವುದಿಲ್ಲ. ನಾವೋ, 45 ಕಿಲೋ ತೂಕದವರಿಗೂ 90 ಕಿಲೋ ತೂಕದವರಿಗೂ ಸಾಮಾನ್ಯವಾಗಿ ಅದೇ 7.4 ಗಿಗಾಬೆಕ್ವೆರೆಲ್ ಲುಟೇಷಿಯಮ್ ಕೊಡುತ್ತೇವೆ. ಗಡ್ಡೆಗೆ ಎಷ್ಟು ತಲುಪಿತು, ಮೂತ್ರಪಿಂಡಕ್ಕೆ ಎಷ್ಟು ತಲುಪಿತು ಎಂದು ಅಳೆಯುವ ಸಾಧನ ಕೈಯಲ್ಲೇ ಇದ್ದೂ ಅಳೆಯದೆ ಬಿಡುವುದು ಈ ಶಾಸ್ತ್ರ ತನ್ನ ಹುಟ್ಟುಗುಣವನ್ನೇ ಮರೆತಂತೆ. ಇನ್ನೊಂದು ಕೊರತೆ ಐಸೋಟೋಪ್ ಪೂರೈಕೆಯದು. 2009ರಲ್ಲಿ ಕೆನಡಾದ ಒಂದು ಹಳೆಯ ರಿಯಾಕ್ಟರ್ ವರ್ಷಕ್ಕೂ ಮೀರಿ ನಿಂತಾಗ ಹಲವು ದೇಶಗಳಲ್ಲಿ ಟೆಕ್ನೀಷಿಯಮ್ಮಿಗೆ ಬರ ಬಂತು. ಐಸೋಟೋಪಿನ ವಿಷಯದಲ್ಲಿ ಸ್ವಂತ ಕೈಯೇ ಗತಿ ಎಂಬ ಆ ಪಾಠವನ್ನು ಈ ಹೊತ್ತಿನ ಸಂಭ್ರಮದಲ್ಲಿ ಯಾರೂ ನೆನೆಯುತ್ತಿಲ್ಲ. ಕೋಟಿಗಟ್ಟಲೆ ಕೊಟ್ಟು ಸ್ಕ್ಯಾನರ್ ತಂದು ರಿಬ್ಬನ್ ಕತ್ತರಿಸುತ್ತಾರೆ. ರಸಾಯನಜ್ಞರ ಹುದ್ದೆ ಕೇಳಿದರೆ ಕಡತ ಅಲುಗುವುದಿಲ್ಲ. ಗ್ಯಾಲಿಯಮ್-68 ಅರ್ಧಕ್ಕೆ ಇಳಿಯಲು 68 ನಿಮಿಷ ಸಾಕು. ರೋಗಿ ಬರುವ ಮೊದಲೇ ಸೀಸದ ಇಟ್ಟಿಗೆಗಳ ಹಿಂದೆ ನಿಂತು ಅದನ್ನು ಇಳಿಸಿ, ಪಂಜರಕ್ಕೆ ಕೂರಿಸಿ, ಶುದ್ಧಿ ನೋಡಿ ಕೊಡುವವರಿಲ್ಲದಿದ್ದರೆ ಆ ಯಂತ್ರಕ್ಕೆ ನೋಡಲು ಏನೂ ಇರುವುದಿಲ್ಲ.

ಹೊಸದಾಗಿ ಈ ವಿಭಾಗಕ್ಕೆ ಬರುವ ವೈದ್ಯರಲ್ಲಿ ನನ್ನದೊಂದು ಕೋರಿಕೆ. ಮದ್ದು ಕೊಡುವ ಮೊದಲು ನೋಡಿ. ಕೊಟ್ಟ ಮರುದಿನ ರೋಗಿಯನ್ನು ಮತ್ತೆ ಕ್ಯಾಮೆರಾದ ಕೆಳಗೆ ಮಲಗಿಸಿ ಅಳೆಯಿರಿ. ಮುಂದಿನ ಪ್ರಮಾಣವನ್ನು ಆ ಅಳತೆಯಿಂದ ತೀರ್ಮಾನಿಸಿ. ಸೈಡ್ಲಿನ್ ತಮ್ಮ ರೋಗಿಯ ಪಕ್ಕಕ್ಕೆ ಮರಿನೆಲ್ಲಿಯವರನ್ನು ಕರೆದದ್ದು ಅದಕ್ಕೇ.