ರಿಕ್ಸ್‌ಡಾರ್ಫಿನ ಬೊಹೀಮಿಯಾದವರ ಕೇರಿ

ರಾಜಧಾನಿಗಳ ಚರಿತ್ರೆಯನ್ನು ಬರೆಯುವವರು ಅರಮನೆ, ಸಭಾಮಂದಿರ, ವಿಜಯಸ್ತಂಭಗಳಿಂದ ಪ್ರಾರಂಭಿಸುವುದು ವಾಡಿಕೆ. ಆದರೆ ಜರ್ಮನಿಯ ಬರ್ಲಿನ್ ಮಹಾನಗರದ ಆಗ್ನೇಯಭಾಗದಲ್ಲಿ, ಎತ್ತರವಾದ ಬಾಡಿಗೆಮನೆಗಳ ನಡುವೆ, ತಗ್ಗಾದ ಮಾಡು, ಕಣಜ, ಹಿತ್ತಿಲುಗಳುಳ್ಳ ಒಂದು ಹಳ್ಳಿಯ ಕೇರಿಯು ಇಂದಿಗೂ ಉಳಿದುಕೊಂಡಿದೆ. ಅದಕ್ಕೆ ಬೊಹೀಮಿಯನ್ ಗ್ರಾಮವೆಂದು ಹೆಸರು. ನೆಲೆಗೆಟ್ಟು ಬಂದ ಕೆಲವು ಕುಟುಂಬಗಳು ಪರದೇಶದಲ್ಲಿ ಬೇರೂರಿದ ಕಥೆಯೇ ಈ ಕೇರಿಯ ಚರಿತ್ರೆಯಾಗಿದೆ.

ಇಲ್ಲಿನ ಮೂಲಗ್ರಾಮದ ಹೆಸರು ರಿಖಾರ್ಡ್ಸ್‌ಡಾರ್ಫ್. ಜರ್ಮನ್ ಭಾಷೆಯಲ್ಲಿ ‘ಡಾರ್ಫ್’ ಎಂದರೆ ಹಳ್ಳಿ. ಸಂತ ಜಾನನ ಪಂಥಕ್ಕೆ ಸೇರಿದ ಯೋಧಯತಿಗಳು 1360ನೆಯ ಇಸವಿ ಜೂನ್ 26ರಂದು ಬರೆದುಕೊಟ್ಟ ಪತ್ರವೊಂದರಿಂದ ಇದು ಗ್ರಾಮಪದವಿಯನ್ನು ಪಡೆಯಿತು. 1435ರಲ್ಲಿ ಆ ಯತಿಗಳು ಇದನ್ನು ನೆರೆಯ ಜೋಡುಪಟ್ಟಣಗಳಾದ ಬರ್ಲಿನ್ ಮತ್ತು ಕ್ಯೋಲ್ನ್‌ಗಳಿಗೆ ಮಾರಿದರು. ಜನರ ನಾಲಗೆಯಲ್ಲಿ ಸವೆದು ಸವೆದು ರಿಖಾರ್ಡ್ಸ್‌ಡಾರ್ಫ್ ಎಂಬುದು ರಿಕ್ಸ್‌ಡಾರ್ಫ್ ಆಯಿತು. ಮುನ್ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಅದು ಸಾಧಾರಣವಾದ ಒಕ್ಕಲಿಗರ ಹಳ್ಳಿಯಾಗಿಯೇ ಇದ್ದಿತು.

ಅದರ ಭಾಗ್ಯವು ತಿರುಗಿದುದಕ್ಕೆ ಕಾರಣವು ದೂರದ ಬೊಹೀಮಿಯಾ ದೇಶದಲ್ಲಿತ್ತು. 1620ರಲ್ಲಿ ಪ್ರಾಗ್ ನಗರದ ಬಳಿಯ ಶ್ವೇತಪರ್ವತದ ಯುದ್ಧದಲ್ಲಿ ಅಲ್ಲಿನ ಪ್ರಾಟೆಸ್ಟಂಟ್ ಪಕ್ಷವು ಸೋತುಹೋಯಿತು. ಆ ಬಳಿಕ ಪ್ರಜೆಗಳು ಅರಸನ ಮತವನ್ನು ಸ್ವೀಕರಿಸಬೇಕು, ಇಲ್ಲವೆ ದೇಶತ್ಯಾಗ ಮಾಡಬೇಕು ಎಂಬ ಸ್ಥಿತಿಯು ಬಂದೊದಗಿತು. ಬಾಲಶಿಕ್ಷಣಕ್ಕೆ ಚಿತ್ರಗಳನ್ನು ಬಳಸಿ 1658ರಲ್ಲಿ ಪಠ್ಯಪುಸ್ತಕವನ್ನು ಪ್ರಕಟಿಸಿದ ಮಹಾಶಿಕ್ಷಕ ಕೊಮೇನಿಯಸ್ಸನೂ ಹೀಗೆ ನಾಡು ತೊರೆದವನೇ. ಅವನು 1670ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪರದೇಶಿಯಾಗಿ ತೀರಿಕೊಂಡನು. ಊರಲ್ಲಿಯೇ ಉಳಿದವರು ಗುಪ್ತವಾಗಿ ತಮ್ಮ ಗ್ರಂಥಗಳನ್ನು ಓದುತ್ತ, ನೂರು ವರ್ಷಗಳಾದರೂ ತಮ್ಮ ನಂಬುಗೆಯನ್ನು ಬಿಡಲಿಲ್ಲ. ಪೂರ್ವ ಬೊಹೀಮಿಯಾದ ಚೆರ್ಮ್ನಾ ಎಂಬ ಊರಿನ ಜನರು ಮೊದಲು ಸ್ಯಾಕ್ಸನಿಯ ಗಡಿಗೆ, ಅಲ್ಲಿಂದ 1732ರ ಸುಮಾರಿಗೆ ಬರ್ಲಿನ್ನಿಗೆ ಬಂದು ಸೇರಿದರು.

ಆಗ ಪ್ರಷ್ಯಾದ ದೊರೆ ಒಂದನೆಯ ಫ್ರೀಡ್ರಿಕ್ ವಿಲ್ಹೆಲ್ಮನು 1737ರಲ್ಲಿ ಇವರಲ್ಲಿ 18 ಕುಟುಂಬಗಳಿಗೆ ರಿಕ್ಸ್‌ಡಾರ್ಫಿನಲ್ಲಿ ನೆಲೆಯನ್ನು ಕೊಟ್ಟನು. ಒಂಬತ್ತು ಜೋಡಿಮನೆಗಳನ್ನು ಕಟ್ಟಿಸಿ, ಒಕ್ಕಲೊಂದಕ್ಕೆ ಹೊಲ, ಎರಡು ಕುದುರೆ, ಎರಡು ಹಸು, ವ್ಯವಸಾಯದ ಉಪಕರಣಗಳನ್ನು ಒದಗಿಸಿದನು. ಇದರಲ್ಲಿ ಶರಣಾಗತರಕ್ಷಣೆಯಷ್ಟೇ ಅಲ್ಲ, ಸ್ವಪ್ರಯೋಜನವೂ ಇದ್ದಿತು. ಜನಸಂಖ್ಯೆ ಸಾಲದ ತನ್ನ ರಾಜ್ಯಕ್ಕೆ ಕೃಷಿಕರೂ ನೇಕಾರರೂ ಬೇಕೆಂಬುದನ್ನು ಆ ಮಿತವ್ಯಯಿಯಾದ ದೊರೆಯು ಚೆನ್ನಾಗಿ ಅರಿತಿದ್ದನು. ಹಗಲು ನೇಗಿಲು, ಬಿಡುವಿನಲ್ಲಿ ಮಗ್ಗ, ಹೀಗೆ ಬಂದವರು ಬಾಳನ್ನು ಕಟ್ಟಿಕೊಂಡರು. 1751ರಲ್ಲಿ ಸ್ಮಶಾನಭೂಮಿಯೂ 1753ರಲ್ಲಿ ಶಾಲೆ ಮತ್ತು ಪ್ರಾರ್ಥನೆಗಳಿಗಾಗಿ ಒಂದು ಮನೆಯೂ ಏರ್ಪಟ್ಟವು. ಹಳೆಯ ಜರ್ಮನ್ ಹಳ್ಳಿಯು ಜರ್ಮನ್ ರಿಕ್ಸ್‌ಡಾರ್ಫ್ ಎಂದೂ, ಹೊಸದು ಬೊಹೀಮಿಯನ್ ರಿಕ್ಸ್‌ಡಾರ್ಫ್ ಎಂದೂ ಕರೆಯಲ್ಪಟ್ಟು, ಒಂದರ ಮಗ್ಗುಲಲ್ಲಿ ಮತ್ತೊಂದು ಬೇರೆ ಬೇರೆ ಆಡಳಿತದಲ್ಲಿ ನಡೆದವು. 1849ರ ಅಗ್ನಿಪ್ರಮಾದದಲ್ಲಿ ಕೇರಿಯ ಬಹುಭಾಗವು ಸುಟ್ಟುಹೋದರೂ ಮನೆಗಳನ್ನು ಪುನಃ ಕಟ್ಟಿಕೊಂಡರು.

ಬೆಂಕಿಗಿಂತಲೂ ಹೆಚ್ಚಾಗಿ ಆ ಊರನ್ನು ಮಾರ್ಪಡಿಸಿದುದು ಅಭಿವೃದ್ಧಿ. 1870ರ ದಶಕದ ಆರಂಭದಲ್ಲಿ ಬರ್ಲಿನ್ನನ್ನು ಸುತ್ತುವ ರೈಲುದಾರಿಯು ಇಲ್ಲಿಗೆ ಬಂದಿತು. 1874ರಲ್ಲಿ ಎರಡು ಹಳ್ಳಿಗಳೂ ಒಂದಾದವು. ಕಾರ್ಖಾನೆಗಳ ಕೂಲಿಕಾರರು ಅಗ್ಗದ ಬಾಡಿಗೆಯನ್ನು ಅರಸಿ ಬಂದು ತುಂಬಿದರು. 1871ರಲ್ಲಿ ಸುಮಾರು 8 ಸಾವಿರವಿದ್ದ ಜನಸಂಖ್ಯೆಯು 1900ರಲ್ಲಿ ಸುಮಾರು 90 ಸಾವಿರಕ್ಕೂ, 1910ರಲ್ಲಿ 2 ಲಕ್ಷ 37 ಸಾವಿರಕ್ಕೂ ಏರಿತು. 1899ರವರೆಗೂ ಇದು ಕಾಗದದ ಮೇಲೆ ಹಳ್ಳಿಯೇ ಆಗಿದ್ದು, ಪ್ರಷ್ಯಾದಲ್ಲೆಲ್ಲ ದೊಡ್ಡ ಹಳ್ಳಿಯೆನಿಸಿತ್ತು. ಆ ವರ್ಷ ನಗರಪದವಿ ಲಭಿಸಿತು.

ಪದವಿಯೊಡನೆ ಪ್ರತಿಷ್ಠೆಯ ಚಿಂತೆಯೂ ಬಂದಿತು. ಹೆಂಡದಂಗಡಿ, ಕುಣಿತದ ಮಂದಿರಗಳಿಗೆ ರಿಕ್ಸ್‌ಡಾರ್ಫ್ ಹೆಸರುವಾಸಿಯಾಗಿದ್ದಿತು. ಬೀದಿಹಾಡುಗಳಲ್ಲಿಯೂ ಅದರ ಹೆಸರು ಹಾಸ್ಯಕ್ಕೆ ಗುರಿಯಾಗಿತ್ತು. ಆದಕಾರಣ 1912ರ ಜನವರಿ 27ರಂದು, ಚಕ್ರವರ್ತಿ ಎರಡನೆಯ ವಿಲ್ಹೆಲ್ಮನ ಹುಟ್ಟುಹಬ್ಬದ ದಿನ, ಊರಿಗೆ ನಾಯ್‌ಕ್ಯೋಲ್ನ್ ಎಂದು ನಾಮಕರಣ ಮಾಡಿದರು. ಐದು ಶತಮಾನಗಳ ಹೆಸರನ್ನು ಮೈಲಿಗೆಯ ವಸ್ತ್ರದಂತೆ ಕಳಚಿ ಹಾಕಿದರು. ಅದೇ 1912ರಲ್ಲಿಯೇ ಬೊಹೀಮಿಯಾದವರ ಸಂತತಿಯವರು, ತಮ್ಮ ಪೂರ್ವಜರಿಗೆ ಆಶ್ರಯವನ್ನಿತ್ತ ದೊರೆಯ ಪ್ರತಿಮೆಯನ್ನು ಕೃತಜ್ಞತೆಯಿಂದ ಕೇರಿಯಲ್ಲಿ ಸ್ಥಾಪಿಸಿದರು. ಪೌರರು ಊರಿನ ಹಿಂದಣ ದಿನಗಳನ್ನು ಮರೆಯಲೆಳಸಿದ ವರ್ಷದಲ್ಲಿಯೇ ವಲಸೆಬಂದವರ ಮಕ್ಕಳು ಅವನ್ನು ನೆನೆದರೆಂಬುದು ಗಮನಾರ್ಹವಾಗಿದೆ.

1920ರಲ್ಲಿ ನಾಯ್‌ಕ್ಯೋಲ್ನ್ ಮಹಾಬರ್ಲಿನ್ನಿನಲ್ಲಿ ಲೀನವಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳು ಕೇರಿಯ ಪ್ರಾರ್ಥನಾಮಂದಿರವನ್ನು ನಾಶಮಾಡಿದವು. ಯುದ್ಧಾನಂತರ ಅದನ್ನು ಮತ್ತೆ ಕಟ್ಟಿದರು. 1753ರ ಶಾಲಾಗೃಹವು ಈಗ ಕೇರಿಯ ವಸ್ತುಸಂಗ್ರಹಾಲಯವಾಗಿದೆ. ಅದರ ಸಮೀಪದಲ್ಲಿ 1995ರಲ್ಲಿ ಕೊಮೇನಿಯಸ್ಸನ ಹೆಸರಿನ ಉದ್ಯಾನವೊಂದು ತೆರೆಯಿತು; ದೇಶಭ್ರಷ್ಟನಾಗಿ ಸತ್ತ ಆ ಗುರುವಿಗೆ ಅವನ ನಾಡಿನವರ ಕೇರಿಯಲ್ಲಿ ಹೀಗೊಂದು ನೆಲೆಯು ದೊರೆಯಿತು.

ಭಾಷೆಯು ಮಾತ್ರ ಉಳಿಯಲಿಲ್ಲ. ತಲೆಮಾರು ಕಳೆದಂತೆ ಮನೆಮಾತಿನ ಜಾಗಕ್ಕೆ ಜರ್ಮನ್ ಬಂದಿತು. ಇದನ್ನು ಯಾರೂ ಬಲಾತ್ಕಾರದಿಂದ ಕಸಿದುಕೊಳ್ಳಲಿಲ್ಲ. ಮಗ್ಗವು ನಿಂತು ಕಾರ್ಖಾನೆಯು ಬಂದಂತೆ, ನೆರೆಯವರೊಡನೆ ಬಾಂಧವ್ಯವು ಬೆಳೆದಂತೆ, ಅದು ತಾನಾಗಿಯೇ ಸೋರಿಹೋಯಿತು. ಮತಕ್ಕಾಗಿ ಮಣ್ಣನ್ನು ಬಿಟ್ಟವರು ಮಣ್ಣು ದೊರೆತ ಮೇಲೆ ಮಾತನ್ನು ಬಿಟ್ಟರು. ಕೇರಿಯ ಸ್ಮಶಾನದಲ್ಲಿ ಕಲ್ಲುಗಳನ್ನು ನೆಲಕ್ಕೆ ಸಮನಾಗಿ ಮಲಗಿಸಿದ್ದಾರೆ. ಬಡವ ಬಲ್ಲಿದರೆಂಬ ಭೇದವಿಲ್ಲ. ಹಳೆಯ ಕಲ್ಲುಗಳ ಮೇಲಿರುವುದು ಚೆಕ್ ಭಾಷೆಯ ಬರಹ. ಈಚಿನವುಗಳ ಮೇಲೆ ಜರ್ಮನ್. ಒಂದೇ ವಂಶದ ಅಜ್ಜನ ಕಲ್ಲನ್ನು ಮರಿಮಗನು ಓದಲಾರದೆ ಹೋದನು. ಆದರೆ ಅದು ಯಾರ ಕಲ್ಲೆಂಬುದನ್ನು ಮಾತ್ರ ಕೇರಿಯು ಮರೆಯಲಿಲ್ಲ.