ವಿಡಿಯೊ ಸ್ಥಿರೀಕರಣ ತಂತ್ರಾಂಶ

ವಿಡಿಯೊ ಸ್ಥಿರೀಕರಣ ತಂತ್ರಾಂಶವು ಕೈಯಲ್ಲಿ ಹಿಡಿದು ಚಿತ್ರಿಸಿದ ದೃಶ್ಯಗಳಲ್ಲಿನ ಅನಪೇಕ್ಷಿತ ಅಲುಗಾಟವನ್ನು ಲೆಕ್ಕಾಚಾರದ ಮೂಲಕ ತಗ್ಗಿಸುತ್ತದೆ. ಮಸೂರವನ್ನೋ ಸಂವೇದಕವನ್ನೋ ಚಲಿಸಿ ಅಲುಗಾಟ ತಡೆಯುವ ಯಾಂತ್ರಿಕ ವ್ಯವಸ್ಥೆಗಿಂತ ಇದು ಭಿನ್ನವಾದುದು. ಈಗಾಗಲೇ ಚಿತ್ರಿಸಿಟ್ಟ ಹಳೆಯ ವಿಡಿಯೊಗಳಿಗೂ ಇದನ್ನು ಬಳಸಬಹುದು.

ಕಾರ್ಯವಿಧಾನ

ಮೊದಲು ಗೋಡೆಯ ಮೂಲೆ, ಫಲಕದ ಅಂಚು ಮುಂತಾದ ಸ್ಪಷ್ಟ ಬಿಂದುಗಳನ್ನು ಗುರುತಿಸಿ, ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಅವು ಎಷ್ಟು ಸರಿದಿವೆಯೆಂದು ಅಳೆಯಲಾಗುತ್ತದೆ. 1981ರಲ್ಲಿ ಪ್ರಕಟವಾದ ಲ್ಯೂಕಸ್–ಕನಾಡೆ ವಿಧಾನ ಇದಕ್ಕೆ ಇಂದಿಗೂ ಬಳಕೆಯಲ್ಲಿದೆ. ಈ ಸರಿತಗಳಿಂದ ಕ್ಯಾಮೆರಾ ಸಾಗಿದ ಹಾದಿಯನ್ನು ಊಹಿಸಿ, ಅದರ ಏರಿಳಿತಗಳನ್ನು ನಯಗೊಳಿಸಿ, ಪ್ರತಿ ಚೌಕಟ್ಟನ್ನೂ ಹೊಸ ಹಾದಿಗೆ ಹೊಂದುವಂತೆ ಸರಿಸಲಾಗುತ್ತದೆ ಅಥವಾ ತಿರುಗಿಸಲಾಗುತ್ತದೆ. ಗ್ರುಂಡ್‌ಮನ್, ಕ್ವಾತ್ರಾ ಮತ್ತು ಎಸ್ಸಾ 2011ರಲ್ಲಿ ಮಂಡಿಸಿದ ವಿಧಾನವು ಈ ಹಾದಿಯನ್ನು ನಿಶ್ಚಲ, ಸಮವೇಗ ಮತ್ತು ಸಮವೇಗೋತ್ಕರ್ಷದ ತುಣುಕುಗಳಿಂದ ಕಟ್ಟುತ್ತದೆ. ನುರಿತ ಛಾಯಾಗ್ರಾಹಕನ ಕ್ಯಾಮೆರಾ ಚಲನೆಯೇ ಇದಕ್ಕೆ ಮಾದರಿ. ಯೂಟ್ಯೂಬ್‌ನ ಸ್ಥಿರೀಕರಣ ಸೌಲಭ್ಯದಲ್ಲಿ ಇದನ್ನು ಅಳವಡಿಸಲಾಗಿತ್ತು.

ಉಚಿತ ತಂತ್ರಾಂಶಗಳ ಪೈಕಿ ಎಫ್‌ಎಫ್‌ಎಂಪೆಗ್‌ನೊಡನೆ ಬಳಸುವ ವಿಡ್‌ಸ್ಟ್ಯಾಬ್ ಹೆಸರಾದುದು. ಇದು ವಿಡಿಯೊವನ್ನು ಎರಡು ಬಾರಿ ಓದುತ್ತದೆ: ಮೊದಲ ಬಾರಿ ಅಳೆಯಲು, ಎರಡನೆಯ ಬಾರಿ ತಿದ್ದಲು.

ಮಿತಿಗಳು

ಚೌಕಟ್ಟನ್ನು ಸರಿಸಿದಾಗ ಅಂಚಿನಲ್ಲಿ ಖಾಲಿ ಜಾಗ ಉಳಿಯುವುದರಿಂದ ಅಂಚನ್ನು ಕತ್ತರಿಸಬೇಕಾಗುತ್ತದೆ. 1920×1080 ಬಿಂದುಗಳ ಚೌಕಟ್ಟಿನಲ್ಲಿ ಪ್ರತಿ ಬದಿಯಿಂದ ಶೇ. 10ರಷ್ಟು ತೆಗೆದರೆ 1536×864 ಮಾತ್ರ ಉಳಿಯುತ್ತದೆ; ಅಂದರೆ ಮೂಲ ಚಿತ್ರದ ಶೇ. 36ರಷ್ಟು ಭಾಗ ಹೋಗುತ್ತದೆ. ಉಳಿದುದನ್ನು ಹಿಗ್ಗಿಸಿ ತೋರಿಸುವುದರಿಂದ ಸ್ಪಷ್ಟತೆಯೂ ಕುಂದುತ್ತದೆ.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಭಾಗಗಳಲ್ಲಿ ದೀಪಾವಳಿಯ ಸಂದರ್ಭದಲ್ಲಿ ನಡೆಯುವ ಕೊಬ್ಬರಿ ಹೋರಿ ಸ್ಪರ್ಧೆಯ ಚಿತ್ರೀಕರಣ ಈ ಮಿತಿಗಳಿಗೆ ಒಳ್ಳೆಯ ನಿದರ್ಶನ. ಜನಜಂಗುಳಿಯ ನಡುವೆ ಮೊಬೈಲ್ ಎತ್ತಿ ಹಿಡಿದು ಚಿತ್ರಿಸುವಾಗ ಹೋರಿ ಬಹುಪಾಲು ಚೌಕಟ್ಟಿನ ಅಂಚಿನಲ್ಲೇ ಹಾದುಹೋಗುತ್ತದೆ. ಕೊರಳ ಕೊಬ್ಬರಿಗೆ ಕೈ ಹಾಕಿದವರು ಯಾರೆಂಬುದು ಕತ್ತರಿಸಿದ ಭಾಗದಲ್ಲಿಯೇ ಉಳಿದುಹೋಗಬಹುದು. ಹೋರಿ ಹತ್ತಿರ ಬಂದು ಚೌಕಟ್ಟನ್ನು ತುಂಬಿದರೆ, ತಂತ್ರಾಂಶವು ಅದರ ಓಟವನ್ನೇ ಕ್ಯಾಮೆರಾದ ಚಲನೆಯೆಂದು ಭಾವಿಸಿ ಹಿನ್ನೆಲೆಯ ಮನೆಗಳನ್ನು ತೂಗಾಡಿಸುತ್ತದೆ. ಆದ್ದರಿಂದ ಇಂತಹ ವಿಡಿಯೊಗಳ ಮೂಲ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳುವುದು ಅವಶ್ಯಕ.

ಗೈರೋಸ್ಕೋಪ್ ಬಳಕೆ

ಮೊಬೈಲ್‌ಗಳಲ್ಲಿರುವ ಗೈರೋಸ್ಕೋಪ್ ಸಂವೇದಕವು ಸಾಧನ ತಿರುಗಿದ ಪ್ರಮಾಣವನ್ನು ನೇರವಾಗಿ ಅಳೆಯುತ್ತದೆ. ಗೈರೋಫ್ಲೋ ಎಂಬ ಮುಕ್ತ ತಂತ್ರಾಂಶ ಇಂತಹ ದಾಖಲೆಯನ್ನೇ ಆಧರಿಸಿದೆ. ಚಿತ್ರದೊಳಗಿನ ಚಲನೆಯನ್ನು ನೋಡದ ಕಾರಣ ಹೋರಿಯ ಓಟ ಇದರ ದಿಕ್ಕು ತಪ್ಪಿಸದು. ಆದರೆ ನಡಿಗೆಯಲ್ಲಿ ಕೈ ಮೇಲೆ ಕೆಳಗೆ ಸರಿಯುವುದು ತಿರುಗುವಿಕೆಯಲ್ಲವಾದ್ದರಿಂದ ಅದು ಗೈರೋಸ್ಕೋಪ್‌ಗೆ ತಿಳಿಯುವುದಿಲ್ಲ. ಮಂದ ಬೆಳಕಿನಲ್ಲಿ ಅಲುಗಾಟದಿಂದ ಪ್ರತಿ ಚೌಕಟ್ಟಿನೊಳಗೇ ಉಂಟಾದ ಮಸುಕು ಎರಡೂ ವಿಧಾನಗಳಿಂದ ಹೋಗದು. ಸುತ್ತಲಿನ ಚಿತ್ರ ನಿಂತ ಮೇಲೆ ಅದು ಇನ್ನಷ್ಟು ಎದ್ದು ಕಾಣುತ್ತದೆ.