ಹದಿಹರೆಯದ ಸಾಮಾಜಿಕ ಆತಂಕ: ಬರೀ ಸಂಕೋಚವಲ್ಲ

ನಾಲ್ಕು ಜನರೆದುರು ನಗೆಪಾಟಲಾಗುವೆನೆಂಬ ತೀವ್ರ, ನಿರಂತರ ಭಯವೇ ಸಾಮಾಜಿಕ ಆತಂಕದ ಕಾಯಿಲೆ. ಸಾಮಾನ್ಯವಾಗಿ 8ರಿಂದ 15ರ ವಯಸ್ಸಿನಲ್ಲಿ ಇದು ತಲೆದೋರುತ್ತದೆ.

ಲಕ್ಷಣಗಳು: ಉತ್ತರ ತಿಳಿದಿದ್ದರೂ ತರಗತಿಯಲ್ಲಿ ಎದ್ದು ಹೇಳಲು ಅಂಜಿಕೆ, ಎದೆಬಡಿತ, ಬೆವರು, ನಡುಕ, ಮೌಖಿಕ ಪರೀಕ್ಷೆಯ ದಿನ ಹೊಟ್ಟೆನೋವು, ಇತರರೆದುರು ಉಣ್ಣಲು ಹಿಂಜರಿಕೆ, ಮದುವೆ-ಮುಂಜಿಗಳಿಂದ ತಪ್ಪಿಸಿಕೊಳ್ಳುವುದು.

ಸಂಕೋಚವು ಪರಿಚಯ ಬೆಳೆದಂತೆ ಕರಗುತ್ತದೆ. ಈ ಭಯ ಹಾಗೆ ಕರಗದು. ಗದ್ದಲ ಮಾಡದ ಮಗುವನ್ನು ‘ಬಲು ಸಾಧು’ ಎಂದು ಮೆಚ್ಚುವ ಮನೆಗಳಲ್ಲಿ ಇದು ಗಮನಕ್ಕೆ ಬಾರದೆ ಉಳಿಯುವುದುಂಟು. ಭಯವು 6 ತಿಂಗಳು ಮೀರಿ ಉಳಿದು ಓದು, ಗೆಳೆತನಗಳಿಗೆ ಅಡ್ಡಿಯಾದರೆ ಮನೋವೈದ್ಯರನ್ನು ಕಾಣಬೇಕು. ಗದರಿಕೆ, ಹೋಲಿಕೆಗಳಿಂದ ಭಯ ಹೆಚ್ಚೀತು. ಯೋಚನೆ ಮತ್ತು ವರ್ತನೆಯನ್ನು ಹಂತಹಂತವಾಗಿ ತಿದ್ದುವ ಚಿಕಿತ್ಸೆ ಪರಿಣಾಮಕಾರಿ. ಅಗತ್ಯಬಿದ್ದರೆ ವೈದ್ಯರು ಔಷಧಿಯನ್ನೂ ಸೂಚಿಸುತ್ತಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಸಲಹೆ ಪಡೆಯಬಹುದು.